ಘಾಟು

ಲಂಪಾಂಗ್ ಊರಲ್ಲಿ, ವಾಂಗ್ ನದಿಯ ದಂಡೆಗೆ,
ತಗಡಿನ ಸೂರಿನ ಕೆಳಗೆ ಐದು ಒಲೆ, ಐದು ಕಲ್ಲೊರಳು.
ನನ್ನದು ಕೊನೆಯದು, ಕಾಲು ತೊಳೆವ ತೊಟ್ಟಿಯ ಪಕ್ಕ.
ಅರ್ಧ ದಿನದ ಅಡುಗೆ ಪಾಠಕ್ಕೆ ಎಂಟುನೂರು ಬಾತ್.
ಏಪ್ರನ್ ಉಚಿತ,
ಅದರ ಮೇಲೆ ಹಿಂದಿನ ಯಾರದೋ ಅರಿಸಿನದ ಕೈ.

ಕಲಿಸುವವಳು ಉಬೋನ್. ಎಲ್ಲರಿಗೂ 'ಪಾ',
ಎಂದರೆ ದೊಡ್ಡಮ್ಮ.
ಉಬೋನ್ ಅಂದರೆ ತಾವರೆ, ಎಂದಳು ತಂಗಿಯ ಮಗಳು ಕನ್ನಿಕಾ,
ನನ್ನ ಹೆಸರೂ ಹೂವೇ, ಎಂದು ನಕ್ಕಳು.
ಪಾ ಆಡಿದ ಥಾಯಿ ಕನ್ನಿಕಾಳ ಇಂಗ್ಲಿಷಿಗೆ ಬಂದು
ನನ್ನ ಕಿವಿಯಲ್ಲಿ ಕನ್ನಡವಾಗುವಷ್ಟರಲ್ಲಿ
ಬೆಳ್ಳುಳ್ಳಿ ಸೀದಿರುತ್ತಿತ್ತು.

ಪಾ ನೋಡುವುದಿಲ್ಲ, ಕೇಳುತ್ತಾಳೆ.
ಬೆನ್ನು ಹಾಕಿ ನಿಂತೇ,
"ಆ ಕೊರಿಯಾದ ಹುಡುಗ ಒರಳಿಗೆ ಹೆದರಿದ್ದಾನೆ.
ಈ ಡಚ್ ದಂಪತಿ ಜಗಳಾಡಿಕೊಂಡು ಬಂದವರು,
ಒಬ್ಬರು ಕುಟ್ಟಿದರೆ ಇನ್ನೊಬ್ಬರು ನಿಲ್ಲಿಸುತ್ತಾರೆ."
ನನ್ನ ಸದ್ದಿಗೆ: "ಈಕೆ ಎಣಿಸುತ್ತಿದ್ದಾಳೆ."
ನಿಜ. ನೂರಾ ಹದಿನಾಲ್ಕಾಗಿತ್ತು.
ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವಳು,
ಹನಿ ಎಣಿಸದೆ ಯಾವುದನ್ನೂ ಯಾವುದಕ್ಕೂ ಬೆರೆಸಿದವಳಲ್ಲ.

ಮೊದಲು ಉಪ್ಪು, ನೆನೆಸಿದ ಒಣಮೆಣಸು.
ಆಮೇಲೆ ಮಜ್ಜಿಗೆಹುಲ್ಲು, ಶುಂಠಿಯಲ್ಲದ ಶುಂಠಿ,
ಕೊತ್ತಂಬರಿಯ ಬೇರು,
ಇಷ್ಟು ವರ್ಷ ನಾನು ಕತ್ತರಿಸಿ ಎಸೆದದ್ದು ಅದನ್ನೇ.
ಒರಟು ನಿಂಬೆಯ ಹಸಿರು ಸಿಪ್ಪೆ, ಉಗುರಿನಷ್ಟು.
ಕೊನೆಗೆ ಸಿಗಡಿಯ ಕಂದು ಮುದ್ದೆ. ಕಪಿ ಅದರ ಹೆಸರು.
ಹೆಸರಿಗೆ ನಕ್ಕೆ, ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ.
ಹುಟ್ಟಿದಂದಿನಿಂದ ಸಸ್ಯಾಹಾರಿ ನಾನು,
ಬೇಡವೆನ್ನುವ ಮಾತನ್ನು ರೈಲಿನಲ್ಲೇ ಬಾಯಿಪಾಠ ಮಾಡಿದ್ದೆ.
ಆಡುವ ಮೊದಲೇ ಪಾ ಬೇರೆ ಬಟ್ಟಲು ತಂದಳು:
ಹುಳಿಬರಿಸಿದ ಸೋಯಾ, ಬಿಲ್ಲೆ ತಟ್ಟಿ ಒಣಗಿಸಿ ಸುಟ್ಟದ್ದು.
"ಬೆಟ್ಟದವರದು. ಕಡಲು ಕಾಣದವರ ಕಪಿ."

ಆಗಲೇ ಮೂರನೇ ಒಲೆಯಲ್ಲಿ
ಒಣಮೆಣಸು ಹೊತ್ತಿಹೋಯಿತು.
ಕೊರಿಯಾದ ಹುಡುಗ ಸೀನಿದ,
ಡಚ್ ದಂಪತಿ ಸೀನುತ್ತ ಸೀನುತ್ತ ಒಂದಾದರು,
ಕನ್ನಿಕಾ ತೋಳಿನಿಂದ ಮುಖ ಮುಚ್ಚಿ ನದಿಯತ್ತ ಓಡಿದಳು.
ಪಾ ಮಾತ್ರ ಅದೇ ಹೊಗೆಯೊಳಗೆ ನಿಂತು
ತೆಂಗಿನಹಾಲು ಕಲಕುತ್ತಿದ್ದಳು.
ಕಣ್ಣಿಂದ ನೀರು ಇಳಿಯುತ್ತಿತ್ತು.
ಕೆನ್ನೆ ಮುಟ್ಟಿಕೊಂಡು, ಒದ್ದೆ ಬೆರಳನ್ನು
ಬೇರೆ ಯಾರದೋ ಎಂಬಂತೆ ನೋಡಿದಳು.

ನಾನು ಕಂಡೆ. ಕಂಡದ್ದನ್ನು ಅವಳೂ ಕಂಡಳು.

ಆಮೇಲೆ, ಉಳಿದವರು ಉಣ್ಣಲು ಕೂತಾಗ,
ನನ್ನ ಬಾಣಲೆಯ ಬಳಿ ಬಂದಳು.
ಮೂಗು ಮುಟ್ಟಿ, ಅಂಗೈ ಆಡಿಸಿದಳು: ಇಲ್ಲ.
ಹಣೆಯ ಮೇಲೆ ಕೈ: ಜ್ವರ. ಮೂರು ಬೆರಳು: ವರ್ಷ.
ಒಂದು ಬೆರಳು ತುಟಿಗೆ, ಕಣ್ಣು ಕನ್ನಿಕಾಳ ಕಡೆಗೆ.
ಮತ್ತೆ ಬಾಣಲೆ ತೋರಿಸಿ ಹುಬ್ಬೆತ್ತಿದಳು.

ಲ್ಯಾಬಿನಲ್ಲಿ ಹುಡುಗಿಯರಿಗೆ ಹೇಳುತ್ತಿದ್ದಂತೆ
ಮೂಗೊಡ್ಡದೆ, ಅಂಗೈಯಿಂದ ಬೀಸಿಕೊಂಡೆ.
ಇಂಗ್ಲಿಷಿನಲ್ಲಿ ಹುಡುಕಿದೆ: ಒಳ್ಳೆಯದು, ಕೆಟ್ಟದು, ಖಾರ.
ನನ್ನ ಇಂಗ್ಲಿಷಿಗೆ ಯಾವತ್ತಿನಿಂದಲೂ ನೆಗಡಿ.
ಕನ್ನಡದಲ್ಲೇ ಹೇಳಿಬಿಟ್ಟೆ.
ಹಸಿವಾಸನೆ ಹೋಗಿದೆ, ದೊಡ್ಡಮ್ಮ.
ಎಲೆಯದು ಘಮ. ಎಣ್ಣೆ ಬಿಟ್ಟ ಹಾಲು ಕಮಟಿಲ್ಲ.
ತಳ ಚೂರು ಸೀದಿದೆ, ಅದು ನನ್ನ ತಪ್ಪು.
ಎಲ್ಲದರ ಮೇಲೆ ಘಾಟು.
ಗಂಟಲು ಹಿಡಿದು ಕೆಮ್ಮಿ ತೋರಿಸಿದೆ.

"ಛುನ್!" ಎಂದಳು ಪಾ,
ಸಂತೆಯ ಗದ್ದಲದಲ್ಲಿ ಹಳೆಯ ಗೆಳತಿಯ
ಹೆಸರು ಹಿಡಿದು ಕೂಗಿದ ಹಾಗೆ.
ಛುನ್, ಎಂದೆ ನಾನು.
ಗಾಟು, ಎಂದಳು, ಮಹಾಪ್ರಾಣ ಬಿಟ್ಟು.
ತಿದ್ದಲಿಲ್ಲ. ಮೊದಲ ಸಲ.

ಉಪ್ಪನ್ನು ಅವಳೇ ನೋಡಿದಳು, ನಾಲಿಗೆ ಇನ್ನೂ ಅವಳದೇ.
ಜಾಸ್ತಿಯಾಯಿತು ಎಂದು ಮುಖ ಸಿಂಡರಿಸಿ
ಅತ್ತ ತಿರುಗಿ ಗಟ್ಟಿಯಾಗಿ ಏನೋ ಅಂದಳು.
"ಕುಟ್ಟುತ್ತ ಕುಟ್ಟುತ್ತ ಎಣಿಸುವುದನ್ನು ಬಿಟ್ಟಿರಂತೆ,
ಎಷ್ಟಕ್ಕೆ ಬಿಟ್ಟಿರಿ?" ಕನ್ನಿಕಾ ಕೇಳಿದಳು.
ನೆನಪಿರಲಿಲ್ಲ.
ನಾನೂರು, ಎಂದೆ.