ಬುಧವಾರದ ಕೂಸು

ಸಿರುಗುಪ್ಪದ ಆಸ್ಪತ್ರೆಯಲ್ಲಿ, ಸ್ಟೋರಿನ ಹಿಂದಿನ ಕೋಣೆಯಲ್ಲಿ
ಬುಧವಾರಕ್ಕೊಮ್ಮೆ ಹುಟ್ಟುತ್ತದೆ ಒಂದು ಕೂಸು.
ಮೈಯೊಳಗೆ ನಲ್ಲಿ ನೀರು,
ಎಡಗಿವಿಯ ಹತ್ತಿರ ಒಂದು ಪ್ಲಾಸ್ಟರ್ ಪಟ್ಟಿ,
ಹೋದ ವರ್ಷ ಮೇಜಿನಿಂದ ಬಿದ್ದಿತ್ತು.
ಅಳುವುದಿಲ್ಲ. ಅದಕ್ಕೇ ಅದನ್ನು ತರಿಸಿದ್ದು.

ತಬಸ್ಸುಮ್ ಡಾಕ್ಟರು ಗಡಿಯಾರ ಒತ್ತುತ್ತಾರೆ:
"ಉಸಿರಿಲ್ಲ ಸಿಸ್ಟರ್. ಅರವತ್ತು ಸೆಕೆಂಡು."

ಮೊದಲ ಸಲ ನಾನು ನಕ್ಕಿದ್ದೆ.
ಇಪ್ಪತ್ತೊಂದು ವರ್ಷದ ಸರ್ವಿಸು.
ಆಂಬುಲೆನ್ಸಿನಲ್ಲಿ, ಗೇಟಿನ ಬಳಿ, ಒಮ್ಮೆ ಅಕ್ಕಿ ಮಿಲ್ಲಿನ
ತವುಡಿನ ಚೀಲಗಳ ಮೇಲೆ
ಹಿಡಿದ ಕೂಸುಗಳ ಲೆಕ್ಕ ನನಗೇ ಗೊತ್ತಿಲ್ಲ.
ನನಗೇನ್ರೀ ಈ ಬೊಂಬೆಯಾಟ?

ಒರೆಸಿದೆ. ತಲೆ ಸರಿಮಾಡಿದೆ. ಮಾಸ್ಕು ಒತ್ತಿ ಚೀಲ ಹಿಂಡಿದೆ.
ಎದೆ ಏಳಲಿಲ್ಲ.
ಇನ್ನೊಮ್ಮೆ ಹಿಂಡಿದೆ, ಸಿಟ್ಟಿನಿಂದ.
ಎದೆ ಏಳಲಿಲ್ಲ.
ಗಾಳಿ ಗಲ್ಲದ ಬದಿಯಿಂದ ಸೋರಿ
ನನ್ನ ಮಣಿಕಟ್ಟಿಗೇ ಬಡಿಯಿತು, ತಣ್ಣಗೆ.
ಹೊಸದಾಗಿ ಬಂದ ಹಂಪಮ್ಮ ನೆಲ ನೋಡಿದಳು.
ನನ್ನ ಮುಖ ನೋಡಿದ್ದರೇ ಚಲೋ ಇತ್ತು.

ಆ ರಾತ್ರಿ ರೊಟ್ಟಿ ಬಡಿಯುತ್ತ ಯೋಚಿಸಿದೆ:
ಈ ಕೈಗೆ ಯಾರೂ ಹೇಳಿಕೊಡಬೇಕಿಲ್ಲ,
ನಿದ್ದೆಗಣ್ಣಿನಲ್ಲೂ ಅಂಚು ಒಡೆಯದಂತೆ ತಿರುಗಿಸುತ್ತದೆ,
ಯಾಕಂದರೆ ದಿನಾ ಹಸಿವಾಗುತ್ತದೆ.
ಉಸಿರು ಮರೆತ ಕೂಸು ದಿನಾ ಬರುವುದಿಲ್ಲ,
ಬರಲೂಬಾರದು.
ಹಿಂದಿನದು ಬಂದು ಹದಿನಾಲ್ಕು ತಿಂಗಳಾಗಿತ್ತು.
ಅಷ್ಟರಲ್ಲಿ ನನ್ನ ಉಂಗುರದ ಬೆರಳು
ನನಗೊಂದು ಮಾತೂ ಹೇಳದೆ
ದವಡೆ ಎತ್ತುವ ಕೆಲಸ ಬಿಟ್ಟುಬಿಟ್ಟಿತ್ತು.
ತಲೆಯಲ್ಲಿ ಎಲ್ಲ ನೆನಪಿತ್ತು, ಅದೇ ಮೋಸ.

ಹಾಡ್ತಾ ಹಾಡ್ತಾ ರಾಗ ಅಂತಾರೆ.
ಹಾಡದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಅಂತ
ಯಾರೂ ಹೇಳಿರಲಿಲ್ಲ.

ಈಗ ಬುಧವಾರ ತಪ್ಪಿಸುವುದಿಲ್ಲ.
ಹೆಬ್ಬೆರಳು ತೋರುಬೆರಳು ಮಾಸ್ಕಿನ ಸುತ್ತ,
ಉಳಿದ ಮೂರು ದವಡೆಯ ಎಲುಬಿನ ಕೆಳಗೆ.
ಒತ್ತಬೇಡ, ಎತ್ತು.
ಮುಖವನ್ನು ಮಾಸ್ಕಿಗೆ ತಾ, ಮಾಸ್ಕನ್ನು ಮುಖಕ್ಕಲ್ಲ.
ಹಿಂಡು, ಎರಡು, ಮೂರು.
ಹಿಂಡು, ಎರಡು, ಮೂರು.
ಎದೆ ಏಳುತ್ತದೆ,
ಹಾಲು ಉಕ್ಕುವ ಮುಂಚೆ ಕೆನೆ ಅಲುಗುವಷ್ಟು.

ತಾಯಿಯ ರಕ್ತಸ್ರಾವದ ಪಾಠಕ್ಕೆ ಒಮ್ಮೆ
ಆಯಾ ಮಾರೆಮ್ಮ ಗುಲಾಬಿ ಶರಬತ್ತು ಕಲಸಿಟ್ಟಳು.
ಮರುದಿನ ದೊಡ್ಡ ಬೊಂಬೆಯ ತೊಡೆ ತುಂಬ ಇರುವೆ.
ನಕ್ಕೂ ನಕ್ಕೂ ಸಾಕಾಯಿತು.
ಆಮೇಲೆ ಯಾರೋ ಒಬ್ಬರು ಸುಮ್ಮನಾದರು,
ಆಮೇಲೆ ಎಲ್ಲರೂ.
ಯಾರ ನೆನಪು ಬಂತೆಂದು ಯಾರೂ ಕೇಳಲಿಲ್ಲ.

ಸಣ್ಣದು ನಮ್ಮ ಕೈಯಲ್ಲಿ ಮೂವತ್ತು ಸಲವಾದರೂ ಸತ್ತಿದೆ.
ಒಮ್ಮೆಯೂ ಅದರ ಅಜ್ಜಿ ಬಾಗಿಲಲ್ಲಿ ನಿಂತು
ನನ್ನ ಮುಖ ಓದಲಿಲ್ಲ.
ನೀರು ಚೆಲ್ಲಿ, ಒರೆಸಿ, ಡಬ್ಬಿಗೆ ಹಾಕಿದರೆ
ಮುಂದಿನ ವಾರ ಮತ್ತೆ ಹುಟ್ಟಲು ತಯಾರು.

ನಿನ್ನೆ ರಾತ್ರಿ ತೆಕ್ಕಲಕೋಟೆಯಿಂದ ಬಂದಳೊಬ್ಬಳು.
ನೀರೊಡೆದು ಹೊತ್ತಾಗಿತ್ತು, ನೀರಿನ ಬಣ್ಣ ಹಸಿರು.
ಮಾಸ್ಕು ಜೋಡಿಸಿದೆ, ಅಂಗೈಗೆ ಒತ್ತಿ ಹಿಂಡಿ ನೋಡಿದೆ.
ಹಂಪಮ್ಮ ಯಾರೂ ಹೇಳದೆಯೇ
ಗಡಿಯಾರದ ಕೆಳಗೆ ಹೋಗಿ ನಿಂತಳು.
ಮೂರೂ ಹತ್ತಕ್ಕೆ ಬಂತು ಕೂಸು, ನೀಲಿ ಮೈ, ಜೋತ ಕೈಕಾಲು.
ಒರೆಸಿದೆ, ಬೆನ್ನು ತಿಕ್ಕಿದೆ,
"ಇಪ್ಪತ್ತು," ಅಂದಳು ಹಂಪಮ್ಮ,
ಬೆರಳು ತಾವಾಗಿಯೇ ಬಾಗಿದವು,
ಅಷ್ಟರಲ್ಲಿ ಕಿರುಚಿತು.
ಹೊರಗೆ ಬೆಂಚಿನ ಮೇಲೆ ಮಲಗಿದ್ದವನು
"ನಮ್ದೇನ್ರೀ?" ಅಂತ ಎದ್ದು ಕೂತ.

ಮಾಸ್ಕು ಕೈಯಲ್ಲೇ ಉಳಿಯಿತು.
ಬಾಗಿದ ಬೆರಳು ಬಹಳ ಹೊತ್ತು ಬಾಗಿಯೇ ಇದ್ದವು,
ಚಹಾದ ಲೋಟ ಹಿಡಿದಾಗಲೂ.

ವರದಿ ಪುಸ್ತಕದಲ್ಲಿ ಬರೆದೆ:
ಹೆಣ್ಣು. ಎರಡು ಕೇಜಿ ಏಳುನೂರು.
ಬೆನ್ನು ತಿಕ್ಕಿದ ಮೇಲೆ ಅತ್ತಿತು.
ಬೇರೆ ವಿಶೇಷವಿಲ್ಲ.