ಬಿ ಇಲ್ಲದ ಸಾಲು

ಮತ್ತೆ ಬಂದಿದೆ ಅದೇ ವಿಮಾನ,
ಬಾಲದ ಬಣ್ಣ ಬೇರೆ, ಅಷ್ಟೆ.
ಶಾರ್ಜಾದ ಈ ಹ್ಯಾಂಗರಿನಲ್ಲಿ
ರಾತ್ರಿ ಒಂದೂವರೆಗೂ ತಗಡು ಬೆವರುತ್ತದೆ.
ಪ್ರೊಪೆಲ್ಲರಿಗೆ ಕೆಂಪು ಪಟ್ಟಿ ಬಿಗಿಯುತ್ತಾ
ಇದಿನಬ್ಬ ಅಂದ:
“ಓ, ನಮ್ಮ ಹಳೇ ಬಾಡಿಗೆಮನೆ!”

ಮೊದಲ ಸಲ ಬಂದಾಗ ಅರುವತ್ತಾರು ಸೀಟು.
ಯಾವುದೋ ದ್ವೀಪದ ಕಂಪನಿ, ಧಾರಾಳಿಗಳು.
ಮುಂದಿನ ಒಂದು ಸಾಲು ಹಿಮ್ಮುಖ.
ಗುರುತಿಲ್ಲದವರು ಮಂಡಿಗೆ ಮಂಡಿ ತಾಗಿಸಿ
ಒಂದು ಗಂಟೆ ಹತ್ತು ನಿಮಿಷ
ಒಬ್ಬರ ಮುಖ ಒಬ್ಬರು ನೋಡದಿರಲು ಪಡುವ ಪಾಡು
ಹೇಳಿ ಸುಖವಿಲ್ಲ.

ಆಮೇಲೆ ಎಣ್ಣೆಯವರ ಕೈಗೆ ಹೋಯಿತು.
ಮುಂದಿನ ಭಾಗವೆಲ್ಲ ಸಾಮಾನಿಗೆ,
ಹಿಂದೆ ನಲವತ್ತಾರು;
ಮರುಭೂಮಿಗೆ ಹೋಗುವ ಬೂಟುಗಳಿಗೆ
ಕಾಲು ಚಾಚಲು ಜಾಗ ಬೇಕಂತೆ.
ಮೂರನೆಯವರು ಎಪ್ಪತ್ತು ಮಾಡಿಸಿದರು.
ಈಗಿನವರ ಕಾಗದದಲ್ಲಿ
ಎಪ್ಪತ್ತನಾಲ್ಕು, ಅಡಿಯಲ್ಲಿ ಎರಡು ಗೆರೆ.

ಮೈ ಅದೇ. ಒಂದು ಗೇಣೂ ಬೆಳೆದಿಲ್ಲ.
ನೆಲದ ಹಳಿಯಲ್ಲಿ ಇಂಚಿಗೊಂದು ತೂತು.
ಜೋಡಿ ಸೀಟು ಎತ್ತು, ಸರಿಸು, ಕಟಕ್.
ಎತ್ತು, ಸರಿಸು, ಕಟಕ್.
ಹದಿನೇಳು ಸಾಲಿನ ಮಂಡಿಗಳಿಂದ ಇಂಚಿಂಚು ಕಿತ್ತು
ಅಡುಗೆಗೂಡಿನಿಂದ ಒಂದೂವರೆ ಗೇಣು ಕದ್ದು
ಕೊನೆಗೆ ಒಂದು ಹೊಸ ಸಾಲು ಹುಟ್ಟಿಸಿದೆವು.
ಪಾಪವೋ ಪುಣ್ಯವೋ,
ಶಿಫ್ಟಿನ ಹಾಳೆಯಲ್ಲಿ ಆ ಕಾಲಂ ಇಲ್ಲ.

ಕಿತ್ತ ಸೀಟುಗಳಡಿ ಖರ್ಜೂರದ ಬೀಜ,
ಮಗುವಿನದೊಂದು ಕಾಲುಚೀಲ,
ಮಸ್ಕತ್ತಿನ ಕಣ್ಣಾಸ್ಪತ್ರೆಯ ಚೀಟಿ:
ಬೆಳಿಗ್ಗೆ ಹತ್ತಕ್ಕೆ ಬರತಕ್ಕದ್ದು.
ಆ ಬೆಳಿಗ್ಗೆ ಕಳೆದು ಆರು ವರ್ಷ.

ಅಕ್ಷರ ಅಂಟಿಸುವುದು ನನ್ನ ಪಾಲಿಗೆ.
ಎ, ಸಿ, ನಡುವೆ ದಾರಿ, ಡಿ, ಎಫ್.
ನೇಪಾಳದ ಹೊಸ ಹುಡುಗ ಲೋಕೇಂದ್ರ ಕೇಳಿದ,
“ಬಿ ಎಲ್ಲಿ, ಚಾಚಾ? ಇ ಎಲ್ಲಿ?”
ಅವು ನಡುವಿನ ಸೀಟು ಮಗಾ, ದೊಡ್ಡ ವಿಮಾನದವು.
ಇಲ್ಲಿ ಒಂದೋ ಕಿಟಕಿ, ಇಲ್ಲವೋ ದಾರಿ.
ಆದರೆ ಈ ಹೊಸಬರಿಗೆ ಸೀದಾ ಎಬಿಸಿಡಿಯೇ ಆಗಬೇಕು.
ನಿನ್ನೆ ಸಿ ಆಗಿದ್ದ ಕುರ್ಚಿ ಇವತ್ತು ಬಿ,
ಕಿಟಕಿಯ ಎಫ್ ಇಳಿದು ಡಿ.
ನನ್ನ ವೀಸಾದಲ್ಲೂ ಹಾಗೆಯೇ:
ಮೊದಲು ಮೇಸ್ತ್ರಿ, ಆಮೇಲೆ ಕ್ಲೀನರ್, ಈಗ ಟೆಕ್ನಿಷಿಯನ್;
ಕೈಯಲ್ಲಿ ಅದೇ ಸ್ಪ್ಯಾನರು.

ಊರಿಗೆ ಹೋಗುವಾಗ ಮಾತ್ರ
ಎರಡು ವರ್ಷಕ್ಕೊಮ್ಮೆ ನನಗೆ ಸಿಕ್ಕುವುದು
ಇಪ್ಪತ್ತೇಳು ಬಿ.
ಎರಡೂ ಮೊಣಕೈ ಹೊಟ್ಟೆಯ ಮೇಲೆ ಮಡಚಿ
ಮುಂದಿನ ಸೀಟಿನ ಕಾಲು ಯಾವ ತೂತಿನಲ್ಲಿದೆ ಎಂದು
ಹೆಬ್ಬೆರಳಿನಿಂದ ತಡಕುತ್ತೇನೆ.

ಮೂರು ಗಂಟೆಗೆ ಕಾರ್ಪೆಟ್ಟು ಎತ್ತಿದಾಗ
ಹನ್ನೊಂದನೆಯ ಸಾಲಿನಡಿ ನನ್ನದೇ ಬರಹ.
ಪೆನ್ಸಿಲಿನಲ್ಲಿ ೩೧.
ಪೆನ್ಸಿಲು ಅಲ್ಯೂಮಿನಿಯಂ ತಿನ್ನುತ್ತದೆಂದು
ಇಂಜಿನಿಯರ್ ಗದರಿದ್ದ;
ಇದೇನು ಹಾವಿನ ಮರಿ ಬಿಡಿಸಿದ್ದೀಯಾ, ಅಂತಲೂ.
ಆಮೇಲಿನದೆಲ್ಲ ನೀಲಿ ಮಾರ್ಕರು:
೩೩. ೩೦.
ಅದರ ಪಕ್ಕ ಈ ರಾತ್ರಿ ೨೯ ಬರೆದೆ.
ಇನ್ನೊಂದು ಅಂಕಿಗೆ ಜಾಗ ಉಳಿದಿತ್ತು.

“ಸಾಕು ಮಾರಾಯ, ಹಾಸು,” ಅಂದ ಇದಿನಬ್ಬ,
“ಐದಕ್ಕೆ ಬಸ್ಸು.
ತಡವಾದರೆ ಗೊತ್ತಲ್ಲ,
ಚಕ್ರದ ಮೇಲಿನ ಸೀಟು.”