ಹದಿನಾಲ್ಕನೆಯ ಪ್ರಶ್ನೆ

ಕೂತುಕೋ ಮಗು, ಈ ಬದಿಗೆ. ಎಡಗಿವಿ ತೀರಿಹೋಗಿದೆ;
ಬಲದ್ದು ಇನ್ನೂ ಅರ್ಧ ದಿನದ ಕೆಲಸಕ್ಕೆ ಬರುತ್ತದೆ.
ಬರೆದುಕೋ: ವೆಂಗ್ ಶಿಯುಲಿಯಾನ್, ಎಪ್ಪತ್ತಮೂರು,
ಮಿನ್ ನದಿ ದಡದ ಹತ್ತಿ ಗಿರಣಿ, ನೇಯ್ಗೆ ಖಾತೆ, ಇಪ್ಪತ್ತೊಂಬತ್ತು ವರ್ಷ.
ಹಿತ್ತಾಳೆ ಕಿವಿಯಲ್ಲ ನನ್ನದು, ಹತ್ತಿಯ ಕಿವಿ.
ಮಗ್ಗಗಳ ಸದ್ದಿಗೆ ಹತ್ತಿ ತುರುಕಿ ತುರುಕಿ
ಒಂದು ದಿನ ತೆಗೆದು ನೋಡಿದರೆ
ಒಳಗೂ ಹತ್ತಿಯೇ ಬೆಳೆದಿತ್ತು.

ಏನು ಕೇಳಿದೆ? ಜೋರಾಗಿ. ಹಾಂ,
ಫೂಝೌದ ಈ ಗುಡ್ಡದ ಕಾಡಿನಲ್ಲಿ ಯಾವ ಸದ್ದು ಎಷ್ಟು ಇಷ್ಟ,
ಒಂದರಿಂದ ಐದರವರೆಗೆ.

ಹಕ್ಕಿಗೆ ಐದು ಹಾಕು. ಎಲ್ಲರೂ ಹಾಕಿರುತ್ತಾರೆ,
ನಾನೊಬ್ಬಳು ಹಾಕದಿದ್ದರೆ ಹಕ್ಕಿ ಏನಂದುಕೊಂಡೀತು.
ನಿಜ ಹೇಳಲೇ? ಪಿಕಳಾರ ಬಾಯಿ ತೆರೆಯುವುದು ಕಾಣುತ್ತದೆ,
ಮುಚ್ಚುವುದು ಕಾಣುತ್ತದೆ. ನಡುವೆ ಏನೋ ಆಗುತ್ತದೆ,
ನಿಮ್ಮಂಥವರ ಮುಖದ ಮೇಲೆ ಅದು ಗೊತ್ತಾಗುತ್ತದೆ.
ಜೀರುಂಡೆ ನನ್ನ ಪಾಲಿಗೆ ಸತ್ತು ಹನ್ನೊಂದು ಬೇಸಿಗೆಯಾಯಿತು.
ನೀರು? ತೊರೆಯ ಕಲ್ಲಿನ ಮೇಲೆ ಅಂಗೈ ಊರಿದರೆ, ಸ್ವಲ್ಪ.

ನನಗಿಷ್ಟವಾದದ್ದು ನಿನ್ನ ಪಟ್ಟಿಯಲ್ಲಿಲ್ಲ.
ಕೆಳಗಿನ ಬಯಲಲ್ಲಿ ಮುದುಕರು ಚಾಟಿ ಬೀಸಿ
ಬುಗುರಿ ಹೊಡೆಯುತ್ತಾರಲ್ಲ, ಛಟೀರ್, ಅದು.
ಕಿವಿಯನ್ನು ಕೇಳದೆ ಸೀದಾ ಎದೆಗೆ ಬಂದು ತಟ್ಟುತ್ತದೆ.
ಸಂಜೆ ಹೆಂಗಸರ ಕುಣಿತದ ಡೋಲು; ಪಾದದಿಂದ ಹತ್ತುತ್ತದೆ.
ನಿನ್ನ ಮೇಷ್ಟರು ಅದನ್ನು ಗದ್ದಲವೆಂದು ಬರೆದಿದ್ದಾರೆ, ಬರೆಯಲಿ.
ಆಲದ ಬಿಳಲು ಗಾಳಿಗೆ ಅಲುಗಿದರೆ
ಸದ್ದಿರಲೇಬೇಕಲ್ಲ ಎಂದು ನಾನೇ ಒಂದನ್ನು ಹಾಕಿಕೊಳ್ಳುತ್ತೇನೆ,
ತುಂಡಾದ ಎಳೆಗೆ ಗಂಟು ಹಾಕಿದ ಹಾಗೆ.

ಹದಿನಾಲ್ಕನೆಯದೇ? ಇತರರ ಜೋರು ಮಾತು.
ಒಂದು. ಸೊನ್ನೆಯಿದ್ದರೆ ಸೊನ್ನೆ.
ಕಾಡಿಗೆ ಬಂದವರು ಬಾಯಿಗೆ ಬೀಗ ಹಾಕಬೇಕು.
ಅದೋ, ಪಂಜರದ ಝುವೊ ಮುದುಕನನ್ನು ನೋಡು,
ಎಂಥ ಮರ್ಯಾದಸ್ಥ: ನಾನು ಬಂದು ಕೂತೊಡನೆ ಎದ್ದು
ಹಕ್ಕಿಯನ್ನೆತ್ತಿಕೊಂಡು ಆ ತುದಿಯ ಬೆಂಚಿಗೆ ಹೋಗುತ್ತಾನೆ,
ಹೆಂಗಸಿಗೆ ಜಾಗ ಬಿಟ್ಟುಕೊಟ್ಟು. ಆರು ವರ್ಷದಿಂದ.

ಇದೇನು, ಕಿವಿಗೆ? ಇಡು, ಇಡು. ತಣ್ಣಗಿದೆ.

ಅಯ್ಯೋ.

ಮೊದಲು ಬಂದದ್ದು ನನ್ನದೇ ಕೋಟಿನ ತೋಳು,
ತರಗೆಲೆಯ ರಾಶಿಯಲ್ಲಿ ಹಂದಿ ನುಗ್ಗಿದ ಹಾಗೆ.
ಆಮೇಲೆ ನಿನ್ನ ಉಸಿರು. ನೆಗಡಿಯಿದೆ ನಿನಗೆ.
ಆಮೇಲೆ ಒಂದು ಸೂಜಿ, ಎಲ್ಲಿಂದಲೋ, ಮೇಲಿಂದ,
ಹೊಳೆಯುವ ದಾರ ಪೋಣಿಸಿಕೊಂಡು ಒಳಗೆ ಬಂತು.
ಅದೇನಾ? ಪಿಕಳಾರವಾ? ಇಷ್ಟು ಸಣ್ಣದಾ?
ನಾನು ನೆನಪಿಟ್ಟುಕೊಂಡದ್ದು ಇನ್ನೂ ದಪ್ಪಗಿತ್ತು...

ಅಂದೆನಷ್ಟೆ.
ಯಾರೋ ಹೆಂಗಸು ಕಿವಿಯೊಳಗೇ ಕಿರುಚಿದಳು,
ಮೂವತ್ತು ಮಗ್ಗಗಳ ಆಚೆ ನಿಂತವಳನ್ನು
ಊಟಕ್ಕೆ ಕರೆಯುವ ದನಿ.
ಸೂಜಿ ಹೋಯಿತು. ಕೊಂಬೆ ಖಾಲಿ.
ಯಾರವಳು ಎಂದು ಕೇಳಿದೆ; ಅವಳೂ ಅದನ್ನೇ ಕೇಳಿದಳು.

ತೆಗೆ. ತೆಗೆದುಬಿಡು.

ಗಿರಣಿ ಮುಚ್ಚಿ ಇಪ್ಪತ್ತಾರು ವರ್ಷ.
ಮಗ್ಗಗಳನ್ನು ಗುಜರಿಗೆ ಹಾಕಿ, ಕಟ್ಟಡ ಕೆಡವಿ,
ಅಲ್ಲಿ ಈಗ ಮೀನಿನ ಹೋಟೆಲು.
ನಾನೊಬ್ಬಳು ಇನ್ನೂ ಅವುಗಳ ಮೇಲಿಂದ ಕೂಗಿ ಮಾತಾಡುತ್ತಿದ್ದೆನಾ?
ಯಾರೂ ಹೇಳಲೇ ಇಲ್ಲ. ಹೇಳಿದರೋ ಏನೋ,
ಎಡಗಡೆ ನಿಂತು.

ಆ ಹದಿನಾಲ್ಕನೆಯದನ್ನು ಮೂರು ಮಾಡುತ್ತೀಯಾ?
ಪೆನ್ನಿನಲ್ಲಿ ಬರೆದೆಯಾ. ಹೋಗಲಿ, ಇರಲಿ.
ಫ್ಲಾಸ್ಕಿನಲ್ಲಿ ಮಲ್ಲಿಗೆ ಚಹಾ ಇದೆ, ಎರಡು ಲೋಟಕ್ಕಾಗುತ್ತದೆ.
ಒಂದನ್ನು ಆ ತುದಿಯ ಬೆಂಚಿನ ಮೇಲಿಟ್ಟು ಬರುತ್ತೇನೆ,
ಏನೂ ಹೇಳುವುದಿಲ್ಲ.

ಈಗ, ಇದು ಕೇಳಿಸಿತಾ ನಿನಗೆ?
ಇಷ್ಟು ಸಾಕಾ?
ಇನ್ನೂ ಇಳಿಸಲಾ?